ಎಣ್ಣೆಯಿಂದ ನನ್ನನ್ನು ಕಾಪಾಡು

ಮಲೆನಾಡಿನ ಒಂದು ಮನೆಯಿಂದ ಬಂದ ಓಲೆಗರಿಯ ಕಟ್ಟನ್ನು ನನ್ನ ಮೇಜಿನ ಮೇಲೆ ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ಕೊಬ್ಬರಿ ಎಣ್ಣೆಯ ಕಮಟು ವಾಸನೆ. ಮೊಳದುದ್ದದ ಗರಿಗಳು, ಮೇಲೊಂದು ಕೆಳಗೊಂದು ಮರದ ಹಲಗೆ, ನಡುವೆ ಎಳೆಎಳೆಯಾಗಿ ಬಿಡಿಸಿಕೊಂಡಿದ್ದ ಹತ್ತಿಯ ದಾರ. ಆ ಮನೆಯವರು ಪ್ರತಿ ನವರಾತ್ರಿಗೂ ಅದನ್ನು ದೇವರ ಮುಂದಿಟ್ಟು, ಅರಿಸಿನ ಕುಂಕುಮ ಏರಿಸಿ, ಗರಿ ಒಣಗಬಾರದೆಂದು ಎಣ್ಣೆ ಸವರುತ್ತ ಬಂದಿದ್ದರು. ಎಣ್ಣೆಗೆ ದೂಳು ಕೂತು, ದೂಳಿಗೆ ಮತ್ತೆ ಎಣ್ಣೆ ಬಿದ್ದು, ಗರಿಗೆ ಗರಿ ಕಚ್ಚಿಕೊಂಡು ಇಡೀ ಕಟ್ಟು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಭಕ್ತಿಗೆ ಏನೂ ಕೊರತೆಯಿರಲಿಲ್ಲ. ಗರಿಯ ಗುಣ ಬಲ್ಲವರು ಮಾತ್ರ ಆ ಮನೆಯಲ್ಲಿ ಎರಡು ತಲೆಮಾರಿನಿಂದ ಇರಲಿಲ್ಲ.

ಹಸ್ತಪ್ರತಿಗಳ ಸಂರಕ್ಷಣೆಯ ಕೆಲಸದಲ್ಲಿ ಇರುವವರಿಗೆಲ್ಲ ಒಂದು ಹಳೆಯ ಶ್ಲೋಕ ಬಾಯಿಗೆ ಬರುತ್ತದೆ. ಬರೆದವನ ಹೆಸರಿಲ್ಲ. ನಾಡಿನ ಎಲ್ಲ ಭಾಗಗಳ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಇದನ್ನು ಸಣ್ಣಪುಟ್ಟ ಪಾಠಭೇದಗಳೊಂದಿಗೆ ಬರೆದಿಟ್ಟಿದ್ದಾರೆ: ‘ತೈಲಾದ್ರಕ್ಷ ಜಲಾದ್ರಕ್ಷ ರಕ್ಷ ಮಾಂ ಶ್ಲಥಬಂಧನಾತ್ | ಮೂರ್ಖಹಸ್ತೇ ನ ದಾತವ್ಯಮೇವಂ ವದತಿ ಪುಸ್ತಕಂ’. ಎಣ್ಣೆಯಿಂದ ನನ್ನನ್ನು ಕಾಪಾಡು, ನೀರಿನಿಂದ ಕಾಪಾಡು, ಸಡಿಲವಾದ ಕಟ್ಟಿನಿಂದ ಕಾಪಾಡು, ತಿಳಿಯದವನ ಕೈಗೆ ಕೊಡಬೇಡ ಎಂದು ಪುಸ್ತಕವೇ ಬೇಡಿಕೊಳ್ಳುತ್ತದೆ. ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಚಂದದ ಮಾತೆಂದು ಮಾತ್ರ ಓದಿದ್ದೆ. ವರ್ಷಗಟ್ಟಲೆ ಗರಿ ಬಿಡಿಸಿದ ಮೇಲೆ ಗೊತ್ತಾಯಿತು, ಇದು ಕಣ್ಣಾರೆ ಕಂಡು ಬರೆದ ಶಾಸ್ತ್ರ. ಗರಿ ಹಾಳಾಗುವ ದಾರಿಗಳಲ್ಲಿ ಹೆಚ್ಚಿನವು ಈ ಎರಡು ಸಾಲಿನಲ್ಲಿ ಅಡಗಿವೆ. ಭಾರತದ ವೈಜ್ಞಾನಿಕ ಪರಂಪರೆ ಎಂದಾಗ ನಾವು ಗ್ರಂಥದಲ್ಲಿ ಏನಿದೆ ಎಂದಷ್ಟೇ ಕೇಳುತ್ತೇವೆ. ಆ ಗ್ರಂಥ ನಮ್ಮವರೆಗೆ ಬಂದು ಮುಟ್ಟಿದ್ದು ಹೇಗೆ ಎಂಬುದರ ಹಿಂದೆಯೂ ಅಷ್ಟೇ ದೊಡ್ಡ ವಿಜ್ಞಾನವಿದೆ.

ಎಣ್ಣೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮನೆಗಳಲ್ಲಿ ಹೆಚ್ಚು ಹಾನಿಯಾಗುವುದು ಇಲ್ಲೇ. ಗರಿಗೆ ಎಣ್ಣೆಯೇ ಬೇಡವೆಂದಲ್ಲ. ಒಣಗಿದ ಗರಿ ಬಾಗುವ ಗುಣ ಕಳೆದುಕೊಂಡು ಮುರಿಯುತ್ತದೆ, ಅದಕ್ಕೆ ಮೃದುತ್ವ ಬೇಕು. ಆದರೆ ಅದಕ್ಕೆ ನಾವು ಬಳಸುವುದು ಸಿಟ್ರೊನೆಲ್ಲಾ ಅಥವಾ ಮಜ್ಜಿಗೆ ಹುಲ್ಲಿನ ಎಣ್ಣೆ. ಇವು ಆರಿಹೋಗುವ ಎಣ್ಣೆಗಳು. ಗರಿಯ ಒಳಗೆ ಇಳಿದು, ಉಳಿದದ್ದು ಗಾಳಿಗೆ ಹೋಗುತ್ತದೆ, ಮೈಮೇಲೆ ಜಿಡ್ಡು ನಿಲ್ಲುವುದಿಲ್ಲ. ಇವುಗಳ ಘಾಟಿಗೆ ಹುಳವೂ ಹತ್ತಿರ ಸುಳಿಯುವುದಿಲ್ಲ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಹಾಗಲ್ಲ. ಅವು ಆರದೆ ಅಲ್ಲೇ ಕೂತು, ಕಾಲ ಕಳೆದಂತೆ ಅಂಟಾಗುತ್ತವೆ. ಅಡುಗೆಮನೆಯ ಡಬ್ಬಿಯ ಮುಚ್ಚಳದ ಮೇಲೆ ವರ್ಷಗಳಿಂದ ಕೂತ ಜಿಡ್ಡನ್ನು ನೆನಪಿಸಿಕೊಳ್ಳಿ. ಗರಿಯ ಮೇಲೂ ಆಗುವುದು ಅದೇ.

ಅಂಥ ಅಂಟನ್ನು ಬಿಡಿಸುವ ಕೆಲಸಕ್ಕೆ ತಾಳ್ಮೆಯೇ ಮುಖ್ಯ ಸಲಕರಣೆ. ಆ ಮಲೆನಾಡಿನ ಕಟ್ಟಿಗೆ ನನಗೆ ಹನ್ನೊಂದು ದಿನ ಹಿಡಿಯಿತು. ಮೆತ್ತನೆಯ ಕುಂಚದಿಂದ ಮೇಲಿನ ದೂಳು ತೆಗೆದೆ. ಒಂದು ಗರಿಯ ಮೂಲೆಯಲ್ಲಿ, ಅಕ್ಷರವಿಲ್ಲದ ಕಡೆ, ಮದ್ಯಸಾರ ಬೆರೆಸಿದ ನೀರಿನಲ್ಲಿ ಅದ್ದಿದ ಹತ್ತಿಯನ್ನು ಮುಟ್ಟಿಸಿ ನೋಡಿದೆ. ಮಸಿ ಕದಲಲಿಲ್ಲ. ಆಮೇಲೆ ಬಿದಿರಿನ ತೆಳ್ಳನೆಯ ಸೀಳನ್ನು ಎರಡು ಗರಿಗಳ ನಡುವೆ ಕೂದಲೆಳೆಯಷ್ಟು ತೂರಿಸಿ, ಕಾಯ್ದು, ಮತ್ತೆ ಅಷ್ಟೇ ತೂರಿಸಿದೆ. ಅವಸರ ಮಾಡಿದರೆ ಗರಿಯ ಮೇಲ್ಪದರವೇ ಅಕ್ಷರಸಮೇತ ಕಿತ್ತು ಪಕ್ಕದ ಗರಿಗೆ ಅಂಟಿಕೊಂಡು ಬರುತ್ತದೆ. ಹಾಗೆ ಕಿತ್ತುಬಂದ ಒಂದು ಪದವನ್ನು ನೋಡುವುದು ನನಗೆ ಇಂದಿಗೂ ಸಂಕಟದ ಸಂಗತಿ.

ಸ್ವಚ್ಛವಾದ ಗರಿಯನ್ನು ಬೆಳಕಿಗೆ ಹಿಡಿದರೆ ಅಕ್ಷರ ಕಾಣುವುದಿಲ್ಲ, ಗೀರುಗಳು ಮಾತ್ರ ಕಾಣುತ್ತವೆ. ಕಂಟ ಎಂಬ ಕಬ್ಬಿಣದ ಮೊನೆಯಿಂದ ಗರಿಯನ್ನು ಕೊರೆದು ಬರೆದದ್ದು ಅದು. ದೀಪದ ಕಾಡಿಗೆಯನ್ನು ಆಗ ಹೇಳಿದ ಆರಿಹೋಗುವ ಎಣ್ಣೆಯಲ್ಲಿ ಕಲಸಿ ಬಟ್ಟೆಯಿಂದ ಮೆಲ್ಲಗೆ ಉಜ್ಜಿ ಒರೆಸಿದಾಗ ಗೀರಿನೊಳಗೆ ಮಸಿ ಉಳಿದು, ಉಳಿದೆಲ್ಲ ಹೊರಟುಹೋಗಿ, ಸಾಲಿಗೆ ಸಾಲು ಕಪ್ಪಗೆ ಎದ್ದು ಬರುತ್ತದೆ. ಕಾಡಿಗೆ ಎಂದರೆ ಇಂಗಾಲ. ಬೆಳಕಿಗೂ ಮಾಸದು, ಗರಿಯನ್ನೂ ತಿನ್ನದು. ಕಬ್ಬಿಣದ ಅಂಶವಿರುವ ಮಸಿಯಲ್ಲಿ ಬರೆದ ಎಷ್ಟೋ ಕಾಗದದ ಪುಸ್ತಕಗಳು ಅಕ್ಷರವಿದ್ದ ಜಾಗದಲ್ಲೇ ತೂತುಬಿದ್ದು ಹೋಗಿವೆ. ಕಾಡಿಗೆ ತುಂಬಿದ ಗರಿಗೆ ಆ ಭಯವಿಲ್ಲ.

ಗರಿಯ ಹದವೂ ಹಾಗೆಯೇ. ಎಳೆಯ ಗರಿಯನ್ನು ಕತ್ತರಿಸಿ, ನೆರಳಲ್ಲಿ ಒಣಗಿಸಿ, ನೀರಿನಲ್ಲಿ ಕುದಿಸಿ, ಮತ್ತೆ ಒಣಗಿಸಿ, ಭಾರ ಹೇರಿ ನೇರ ಮಾಡಿ, ಕಲ್ಲಿನಿಂದಲೋ ಕವಡೆಯಿಂದಲೋ ಉಜ್ಜಿ ನಯ ಮಾಡುತ್ತಿದ್ದರು. ಕುದಿಸಿದಾಗ ಹುಳಕ್ಕೆ ರುಚಿಯೆನಿಸುವ ಪಿಷ್ಟ, ಸಕ್ಕರೆಯ ಅಂಶ ಇಳಿದುಹೋಗುತ್ತದೆ. ಸಾಮಾನ್ಯ ತಾಳೆಗರಿ ದಪ್ಪ, ಒರಟು. ಶ್ರೀತಾಳೆಯದು ತೆಳು, ಅಗಲ, ಬಟ್ಟೆಯಂತೆ ಬಾಗುತ್ತದೆ. ಆದರೆ ಶ್ರೀತಾಳೆ ಮರ ದಶಕಗಳ ಕಾಲ ಬೆಳೆದು, ಬಾಳಿನಲ್ಲಿ ಒಮ್ಮೆ ಮಾತ್ರ ಹೂಬಿಟ್ಟು ಸಾಯುತ್ತದೆ. ಆಯುಷ್ಯ ಹೆಚ್ಚು ಬೇಕಾದ ಗ್ರಂಥಗಳಿಗೆ ಈ ಗರಿಯನ್ನೇ ಹುಡುಕಿ ತರುತ್ತಿದ್ದರು.

ಸಡಿಲ ಕಟ್ಟಿನ ವಿಷಯ ಹೇಳಿದರೆ ಕ್ಷುಲ್ಲಕವೆನಿಸಬಹುದು. ಆದರೆ ಹಳೆಯ ಗರಿಗಳ ಅಂಚು ನೋಡಿ. ಮುಕ್ಕಾಗಿರುವುದೆಲ್ಲ ಒಂದರ ಮೇಲೊಂದು ಜಾರಿ ಉಜ್ಜಿದ್ದರಿಂದ. ದಾರ ತೀರ ಬಿಗಿಯಾದರೂ ತಪ್ಪು. ಮಳೆಗಾಲದಲ್ಲಿ ತೇವ ಹೀರಿ ಗರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೆಂದೇ ತೂತನ್ನು ದಾರಕ್ಕಿಂತ ದೊಡ್ಡದಾಗಿ ಕೊರೆಯುತ್ತಿದ್ದರು, ಹಲಗೆಯನ್ನು ಗರಿಗಿಂತ ಒಂದಿಷ್ಟು ಅಗಲ ಮಾಡುತ್ತಿದ್ದರು. ಪೆಟ್ಟು ಬಿದ್ದರೆ ಹಲಗೆಗೆ ಬೀಳಲಿ ಎಂದು. ಕಟ್ಟಿನ ಜೊತೆ ಬಜೆ, ಕರಿಜೀರಿಗೆ, ಲವಂಗ, ಮೆಣಸು, ಕರ್ಪೂರದ ಪುಡಿಯ ಗಂಟು ಇಡುವ ರೂಢಿ ಇತ್ತು. ಇಂದಿಗೂ ಹಸ್ತಪ್ರತಿ ಭಂಡಾರಗಳಲ್ಲಿ ಅದು ನಡೆಯುತ್ತಿದೆ, ನನ್ನ ಕಪಾಟಿನಲ್ಲೂ ಇದೆ.

ಪಂಚಾಂಗದಲ್ಲೂ ಈ ಕಾಳಜಿ ಸೇರಿಕೊಂಡಿದೆ. ಜೈನರ ಶ್ರುತಪಂಚಮಿ ಜ್ಯೇಷ್ಠ ಶುದ್ಧ ಪಂಚಮಿಯಂದು ಬರುತ್ತದೆ, ಅಂದರೆ ಮುಂಗಾರು ಹಿಡಿಯುವ ಹೊತ್ತಿಗೆ. ಅಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ದೂಳು ಒರೆಸಿ, ಹೊಸ ಬಟ್ಟೆ ಸುತ್ತುತ್ತಾರೆ. ನವರಾತ್ರಿಯ ಸರಸ್ವತಿ ಪೂಜೆ ಬರುವುದು ಮಳೆ ತಗ್ಗಿದ ಮೇಲೆ. ಅಟ್ಟದ ಕಟ್ಟು ಕೆಳಗಿಳಿದು ಗಾಳಿ ಕಾಣುವ ದಿನ ಅದು. ಪೂಜೆಯ ಜೊತೆಗೆ ಬಿಚ್ಚಿ ನೋಡುವ ಕೆಲಸ ಇರುವಷ್ಟು ಕಾಲ ಇವು ವರ್ಷಕ್ಕೊಮ್ಮೆಯ ತಪಾಸಣೆಗಳಾಗಿದ್ದವು. ಬಿಚ್ಚುವುದು ನಿಂತು ಅರಿಸಿನ ಕುಂಕುಮ ಮಾತ್ರ ಉಳಿದಲ್ಲಿ ನನ್ನ ಕೆಲಸ ಶುರುವಾಗುತ್ತದೆ.

ಇಷ್ಟೆಲ್ಲ ಎಚ್ಚರ ಇದ್ದರೂ ನಮ್ಮ ಹವೆಯಲ್ಲಿ ಗರಿಗೆ ಕೆಲವು ಶತಮಾನದ ಆಯುಷ್ಯ ಸಿಕ್ಕರೆ ಹೆಚ್ಚು. ಆದ್ದರಿಂದ ಸಂರಕ್ಷಣೆ ಎಂದರೆ ಹಿಂದೆ ಮುಖ್ಯವಾಗಿ ಪ್ರತಿ ಮಾಡುವುದೇ ಆಗಿತ್ತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು ಎಂಬುದನ್ನು ನಾವು ಶಾಲೆಯಲ್ಲಿ ದಾನದ ಕಥೆಯಾಗಿ ಓದಿದ್ದೇವೆ. ನನ್ನ ಕಣ್ಣಿಗೆ ಅದು ಸಂರಕ್ಷಣೆಯ ಯೋಜನೆ. ಒಂದು ಊರಿಗೆ ಬೆಂಕಿ ಬಿದ್ದರೂ, ಇನ್ನೊಂದಕ್ಕೆ ಗೆದ್ದಲು ಹತ್ತಿದರೂ ಮೂರನೆಯ ಊರಿನಲ್ಲಿ ಗ್ರಂಥ ಉಳಿಯುತ್ತದೆ.

ಹಾಗೆ ಹಂಚಿಹೋಗದ ಗ್ರಂಥದ ಗತಿ ಏನಾಗಬಹುದಿತ್ತು ಎಂಬುದಕ್ಕೆ ಮೂಡುಬಿದಿರೆಯೇ ಸಾಕ್ಷಿ. ದಿಗಂಬರ ಜೈನರ ಆಗಮಗ್ರಂಥವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದ ಆರಂಭದಲ್ಲಿ ಬರೆದ ಧವಲಾ ಎಂಬ ವ್ಯಾಖ್ಯಾನ ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ಗರಿಗಳಲ್ಲಿ ಉಳಿದುಕೊಂಡಿತ್ತು. ಜೊತೆಗೆ ಹೊಯ್ಸಳರ ಕಾಲದ ಬಣ್ಣದ ಚಿತ್ರಗಳೂ ಇವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಶುರುವಾಗಿ, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿದ ಮೇಲೆಯೇ ಹೊರಗಿನ ವಿದ್ವಾಂಸರು ಅದನ್ನು ಓದಿದ್ದು. ಧರ್ಮಗ್ರಂಥವೆಂದು ತೆರೆದವರಿಗೆ ಒಳಗೆ ಗಣಿತವೂ ಸಿಕ್ಕಿತು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದು ಅದರ ‘ಅರ್ಧಚ್ಛೇದ’. ಮೂವತ್ತೆರಡರ ಅರ್ಧಚ್ಛೇದ ಐದು, ಎಂಟರದು ಮೂರು. ಮೂವತ್ತೆರಡನ್ನು ಎಂಟರಿಂದ ಗುಣಿಸಿದರೆ 256, ಅದರ ಅರ್ಧಚ್ಛೇದ ಐದು ಮತ್ತು ಮೂರರ ಮೊತ್ತ, ಎಂಟು. ಗುಣಾಕಾರವನ್ನು ಸಂಕಲನವಾಗಿಸುವ ಈ ನಿಯಮವನ್ನು ನಾವು ಲಾಗರಿದಮ್ ಪಾಠದಲ್ಲಿ ಕಲಿಯುತ್ತೇವೆ. ಆ ಗರಿಗಳಿಗೆ ಗೆದ್ದಲು ಹತ್ತಿದ್ದರೆ ಈ ವಿಷಯ ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಕಥೆಯೂ ಹೀಗೇ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟ, ‘ಗ್ರಂಥ’ ಎಂಬ ಹೆಸರಿನ ಲಿಪಿಯ ಗರಿಗಳನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು.

ಪ್ರತಿ ಮಾಡುವಾಗ ತಪ್ಪು ನುಸುಳದಂತೆ ನೋಡಿಕೊಳ್ಳುವ ಉಪಾಯವೂ ಇತ್ತು. ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ ಇದು. ಅಂಕಿಗಳನ್ನು ಅಂಕಿಯಾಗಿ ಬರೆದರೆ ಒಂದು ಗೀರು ಹೆಚ್ಚುಕಡಿಮೆಯಾದರೂ ಲೆಕ್ಕ ಕೆಡುತ್ತದೆ. ಆದ್ದರಿಂದ ಗಣಿತ, ಜ್ಯೋತಿಷದ ಗ್ರಂಥಗಳಲ್ಲಿ ಎರಡಕ್ಕೆ ನೇತ್ರ, ಮೂರಕ್ಕೆ ಅಗ್ನಿ, ನಾಲ್ಕಕ್ಕೆ ವೇದ, ಐದಕ್ಕೆ ಬಾಣ ಎಂದು ಪದಗಳನ್ನು ಪದ್ಯದಲ್ಲಿ ಹೆಣೆಯುತ್ತಿದ್ದರು. ನಿದ್ದೆಗಣ್ಣಿನ ಲಿಪಿಕಾರ ಒಂದು ಪದ ಬಿಟ್ಟರೆ ಛಂದಸ್ಸು ಕುಂಟುತ್ತದೆ, ಮುಂದಿನ ಓದುಗನ ಕಿವಿಗೆ ಅದು ತಟ್ಟನೆ ತಿಳಿಯುತ್ತದೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ 12345654321 ಎಂಬ ಸಂಖ್ಯೆಯನ್ನು ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವುದು ಎಂದು ಮಾತಿನಲ್ಲೇ ವರ್ಣಿಸುತ್ತಾನೆ. ಯಾವ ಲಿಪಿಕಾರನೂ ಅದನ್ನು ಕೆಡಿಸಲಾರ.

ಲಿಪಿಕಾರರು ತಮ್ಮ ಮಿತಿಯನ್ನೂ ಬಲ್ಲವರು. ‘ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ ಓದುವುದು’ ಎಂಬರ್ಥದ ಮಾತು ಎಷ್ಟೋ ಕಟ್ಟುಗಳ ಕೊನೆಯಲ್ಲಿದೆ. ಬೆನ್ನು, ಸೊಂಟ, ಕುತ್ತಿಗೆ ಮುರಿದುಹೋಗುವಂತೆ ಬಗ್ಗಿ ಕಷ್ಟಪಟ್ಟು ಬರೆದ ಗ್ರಂಥವಿದು, ಜತನವಾಗಿ ಕಾಪಾಡಿ ಎಂದು ಬೇಡುವ ಶ್ಲೋಕವೂ ಇದೆ. ದಿನವಿಡೀ ಗರಿಯ ಮೇಲೆ ಬಗ್ಗಿ ಕೂತ ಸಂಜೆಗಳಲ್ಲಿ ಆ ಸಾಲು ನನ್ನ ಬೆನ್ನಿಗೂ ಅರ್ಥವಾಗುತ್ತದೆ.

ಈಗ ಡಿಜಿಟಲ್ ಚಿತ್ರಗಳ ಕಾಲ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದಿಂದ ಈಚೆಗೆ ಬಹಳಷ್ಟು ಕೆಲಸ ನಡೆದಿದೆ, ನಡೆಯಲೇಬೇಕು. ಅತ್ತಿಮಬ್ಬೆಯ ಸಾವಿರ ಪ್ರತಿಗೆ ಇದೇ ಇಂದಿನ ರೂಪ. ಆದರೆ ಚಿತ್ರ ತೆಗೆದರೆ ಓದಿದಂತಾಗುವುದಿಲ್ಲ. ಶ್ಲೋಕದ ಕೊನೆಯ ಎಚ್ಚರಿಕೆ ಬಹುಶಃ ಇದೇ. ತಿಳಿಯದ ಕೈ ಎಂದರೆ ಕೆಟ್ಟ ಕೈಯಲ್ಲ, ಓದಲು ಬಾರದ ಕೈ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ, ಕೀರ್ತಿವರ್ಮ ಗೋವೈದ್ಯ ಬರೆದ, ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷವೈದ್ಯದ ಖಗೇಂದ್ರಮಣಿದರ್ಪಣ ಬರೆದ. ಇವುಗಳ ಹೆಸರು ಬಲ್ಲವರು ಹಲವರು, ಹಳೆಯ ಲಿಪಿಯ ಒತ್ತಕ್ಷರ ಬಿಡಿಸಿ ಓದಬಲ್ಲವರು ಕೆಲವರೇ. ಪುರಾತನರಿಗೆ ಎಲ್ಲವೂ ಗೊತ್ತಿತ್ತು ಎಂದು ಗಟ್ಟಿಯಾಗಿ ಹೇಳುವವರಾಗಲಿ, ಅವರಿಗೇನೂ ಗೊತ್ತಿರಲಿಲ್ಲ ಎಂದು ಕೈಬೀಸಿ ಹೇಳುವವರಾಗಲಿ, ಒಂದು ಕಟ್ಟನ್ನಾದರೂ ಬಿಚ್ಚಿ ಕೂತಿದ್ದರೆ ಬೇರೆ ರೀತಿ ಮಾತನಾಡುತ್ತಿದ್ದರು ಎಂದು ನನಗೆ ಅನಿಸುತ್ತದೆ.

ನಿಮ್ಮ ಮನೆಯ ಅಟ್ಟದಲ್ಲಿ ಕಟ್ಟು ಇದ್ದರೆ ದಯವಿಟ್ಟು ಎಣ್ಣೆ ಹಚ್ಚಬೇಡಿ, ನೀರಿನಿಂದ ಒರೆಸಬೇಡಿ, ಬಿಸಿಲಿಗೆ ಹರಡಬೇಡಿ. ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಟ್ ಮಾಡಿಸುವುದು ಬೇಡವೇ ಬೇಡ. ಅದನ್ನು ಮತ್ತೆ ಬಿಡಿಸುವುದು ನಮ್ಮಿಂದಲೂ ಆಗುವುದಿಲ್ಲ. ಪ್ಲಾಸ್ಟಿಕ್ ಚೀಲದಿಂದ ತೆಗೆದು ಶುದ್ಧ ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಕಡೆ ಇಟ್ಟು, ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರನ್ನು ಕೇಳಿ. ಗರಿಗಳ ಅನುಕ್ರಮ ಕದಲಿಸಬೇಡಿ.

ಹನ್ನೊಂದನೆಯ ದಿನ ಆ ಮಲೆನಾಡಿನ ಕಟ್ಟಿನ ಒಳಗೇನಿದೆ ಎಂದು ತಿಳಿಯಿತು. ಮನೆಯವರು ದೇವಿಮಹಾತ್ಮೆ ಎಂದು ನಂಬಿದ್ದರು. ಇದ್ದದ್ದು ಮಗ್ಗಿ. ಕಾಲು, ಅರೆ, ಮುಕ್ಕಾಲು, ವೀಸದ (ಹದಿನಾರರಲ್ಲಿ ಒಂದು ಪಾಲು) ಮಗ್ಗಿಗಳು, ನಡುನಡುವೆ ದನಗಳ ಗೊರಸಿನ ಹುಣ್ಣಿಗೆ ಹಾಕುವ ಔಷಧಿ. ವೀಸದ ಮಗ್ಗಿಯ ಗರಿಯಲ್ಲಿ ಹುಳ ಕೊರೆದು ಒಂದು ಸಾಲು ಮಾಯವಾಗಿತ್ತು. ಕಟ್ಟನ್ನು ಒಯ್ಯಲು ಬಂದವರ ಜೊತೆ ಆ ಮನೆಯ ಹಿರಿಯ ಅಜ್ಜಿಯೂ ಬಂದಿದ್ದರು. ನಾನು ಗರಿ ಹಿಡಿದು ನಿಧಾನವಾಗಿ ಓದಿದೆ: ನಾಲ್ಕು ವೀಸ ಕಾಲು, ಎಂಟು ವೀಸ ಅರೆ. ತೂತು ಬಂದಲ್ಲಿ ನಿಂತೆ. ಅಜ್ಜಿ ಕಣ್ಣುಮುಚ್ಚಿಕೊಂಡೇ ಮುಂದುವರಿಸಿದರು: ‘ಹನ್ನೆರಡು ವೀಸ ಮುಕ್ಕಾಲು, ಹದಿನಾರು ವೀಸ ಒಂದು.’ ಚಿಕ್ಕವರಿದ್ದಾಗ ಅವರ ಅಪ್ಪ ಸಂಜೆದೀಪ ಹಚ್ಚಿದ ಮೇಲೆ ಬಾಯಿಪಾಠ ಮಾಡಿಸುತ್ತಿದ್ದರಂತೆ.

ಗರಿಯ ಮೇಲೆ ನಾವು ಏನನ್ನೂ ಬರೆಯುವುದಿಲ್ಲ. ವಿವರಪಟ್ಟಿಯಲ್ಲಿ ಗರಿ 14, ಸಾಲು 3, ಹುಳದ ರಂಧ್ರ ಎಂಬುದರ ಮುಂದೆ ಸೀಸದ ಕಡ್ಡಿಯಲ್ಲಿ ಬರೆದುಕೊಂಡೆ: ಪಾಠ ತುಂಬಿದವರು, ಮನೆಯ ಅಜ್ಜಿ.