ಪಾರ್ಕ್ ಮಾಡೆಲ್, ಡೆಸ್ಟಿನೇಶನ್ ಟ್ರೇಲರ್ ಅಂದ್ರೆ ಏನು, ಯಾವುದು ಯಾರಿಗೆ

ಅಮೆರಿಕದಲ್ಲಿ ಆರ್‌ವಿ ಪಾರ್ಕ್ (ಒಳಗೇ ವಾಸ ಮಾಡೋ ಥರದ ಗಾಡಿ, ಅಂದ್ರೆ ಆರ್‌ವಿ, ನಿಲ್ಲಿಸೋಕೆ ಬಾಡಿಗೆಗೆ ಜಾಗ ಕೊಡೋ ಕಡೆ) ಒಳಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಂದೇ ಕಡೆ ನಿಲ್ಲಿಸಿ ವಾಸ ಮಾಡೋ ದೊಡ್ಡ ಟ್ರೇಲರ್ ಬೇಕು ಅಂತ ಹುಡುಕೋಕೆ ಹೊರಟ್ರೆ ಎರಡು ಹೆಸರು ಜಾಸ್ತಿ ಕಿವಿಗೆ ಬೀಳತ್ತೆ, ಒಂದು ಪಾರ್ಕ್ ಮಾಡೆಲ್, ಇನ್ನೊಂದು ಡೆಸ್ಟಿನೇಶನ್ ಟ್ರೇಲರ್. ನೋಡೋಕೆ ಎರಡೂ ಹತ್ತಿರ ಹತ್ತಿರ ಒಂದೇ ಥರ, ದೊಡ್ಡ ಗಾಜಿನ ಬಾಗಿಲು, ಸೋಫಾ, ಮನೆ ಸೈಜಿನ ಫ್ರಿಜ್, ಹಾಗಾಗಿ ಜನ ಎರಡೂ ಒಂದೇ ಅಂದ್ಕೊಂಡ್ಬಿಡ್ತಾರೆ. ಆದ್ರೆ ಇವನ್ನ ಕಟ್ಟೋ ರೀತಿ, ಸಾಗಿಸೋ ರೀತಿ ಎಲ್ಲ ಬೇರೆ ಬೇರೆ, ಇದು ಗೊತ್ತಿಲ್ದೆ ಅಡ್ವಾನ್ಸ್ ಕೊಟ್ರೆ ಟ್ರೇಲರ್ ಇದೆ, ನಿಲ್ಲಿಸೋಕೆ ಜಾಗ ಇಲ್ಲ ಅನ್ನೋ ಹಾಗೆ ಆಗ್ಬಹುದು.

ಪಾರ್ಕ್ ಮಾಡೆಲ್ ಅಂದ್ರೆ ಚಕ್ರ ಇರೋ ಚಾಸಿ ಮೇಲೆ ಕಟ್ಟಿರೋ ಪುಟ್ಟ ಮನೆ. ಅಮೆರಿಕದ ಸ್ಟ್ಯಾಂಡರ್ಡ್ ಸಂಸ್ಥೆ ಎಎನ್‌ಎಸ್‌ಐಯ ಎ119.5 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ ಕಟ್ತಾರೆ, ವಿಸ್ತೀರ್ಣ 400 ಚದರ ಅಡಿ ದಾಟೋ ಹಾಗಿಲ್ಲ. ಅಗಲ ಸಾಮಾನ್ಯವಾಗಿ 11-12 ಅಡಿ ಇರತ್ತೆ, ರಸ್ತೆ ಮೇಲೆ ಪರ್ಮಿಟ್ ಇಲ್ದೆ ಎಳ್ಕೊಂಡು ಹೋಗೋಕೆ ಮಿತಿ ಎಂಟೂವರೆ ಅಡಿ, ಅಂದ್ಮೇಲೆ ನಿಮ್ಮ ಪಿಕಪ್ ಟ್ರಕ್ಕಿಗೆ ಕಟ್ಕೊಂಡು ಹೋಗೋ ಮಾತೇ ಇಲ್ಲ, ಸಾಗಿಸೋ ಕಂಪನಿಯವರೇ ಪರ್ಮಿಟ್ ತಗೊಂಡು ತಂದು ಇಳಿಸ್ಬೇಕು. ಆಮೇಲೆ ಅದನ್ನ ಬ್ಲಾಕ್ ಮೇಲೆ ಕೂರಿಸಿ, ನೆಲಕ್ಕೆ ಪಟ್ಟಿ ಹಾಕಿ ಬಿಗಿದು, ಸುತ್ತ ಕೆಳಗಡೆ ಖಾಲಿ ಜಾಗಕ್ಕೆ ಸ್ಕರ್ಟಿಂಗ್ ಅನ್ನೋ ಮರೆ ಹಾಕಿ ಮುಚ್ತಾರೆ. ಹೆಚ್ಚಿನವುಗಳಲ್ಲಿ ಕೊಳೆನೀರಿನ ಟ್ಯಾಂಕೇ ಇರಲ್ಲ, ನೇರ ಪಾರ್ಕಿನ ಒಳಚರಂಡಿಗೆ ಕನೆಕ್ಷನ್.

ಡೆಸ್ಟಿನೇಶನ್ ಟ್ರೇಲರ್ ಹಾಗಲ್ಲ, ಅದು ಪ್ರವಾಸಕ್ಕೆ ಗಾಡಿ ಹಿಂದೆ ಕಟ್ಟಿ ಎಳೆಯೋ ಮಾಮೂಲಿ ಟ್ರಾವೆಲ್ ಟ್ರೇಲರ್‌ನ ದೊಡ್ಡಣ್ಣ. ಉದ್ದ 40 ಅಡಿ ಆಸುಪಾಸು, ಅಗಲ ಎಂಟೂವರೆ ಅಡಿ ಒಳಗೇ, ನಿಲ್ಲಿಸಿದ ಮೇಲೆ ಪಕ್ಕದ ಗೋಡೆ ಹೊರಕ್ಕೆ ಸರಿದು ಹಾಲ್ ಅಗಲ ಆಗತ್ತೆ, ಇದಕ್ಕೆ ಸ್ಲೈಡ್‌ಔಟ್ ಅಂತಾರೆ. ನೀರಿನ ಟ್ಯಾಂಕ್, ಕೊಳೆನೀರಿನ ಟ್ಯಾಂಕ್ ಎಲ್ಲ ಇರತ್ತೆ, ಗಟ್ಟಿ ಪಿಕಪ್ ಇದ್ರೆ ಎಳೀಬಹುದು, ಆದ್ರೆ ವಾರಾವಾರ ಎಳ್ಕೊಂಡು ಓಡಾಡೋಕೆ ಮಾಡಿದ್ದಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಕೆಲಸದ ಊರು ಬದಲಾಗತ್ತೆ ಅನ್ನೋರಿಗೆ ಇದೇ ಸರಿ. ಪಾರ್ಕ್ ಮಾಡೆಲ್ ಏನಿದ್ರೂ ಅರಿಝೋನಾದ ಯೂಮಾ, ಮೇಸಾ ಕಡೆ ಪ್ರತಿ ಚಳಿಗಾಲ ಅದೇ ಪಾರ್ಕಿಗೆ ಬರೋ ರಿಟೈರ್ ಆದ ಹಿರಿಯರಿಗೆ, ಅಲುಗಾಡೋ ಯೋಚನೆನೇ ಇಲ್ಲದೋರಿಗೆ.

ನನ್ನ ಖಂಡಿತವಾದ ಅಭಿಪ್ರಾಯ, ಮೊದ್ಲು ಪಾರ್ಕ್ ಗಟ್ಟಿ ಮಾಡ್ಕೊಳ್ಳಿ, ಆಮೇಲೆ ಟ್ರೇಲರ್ ನೋಡಿ. ಯಾಕಂದ್ರೆ ಕೆಲವು ಪಾರ್ಕಿನವರು ವರ್ಷದ ಬಾಡಿಗೆಗೆ ಪಾರ್ಕ್ ಮಾಡೆಲ್ ಮಾತ್ರ ಬಿಡ್ತಾರೆ, ಕೆಲವರು ಅದನ್ನ ಬಿಲ್ಕುಲ್ ಬಿಡಲ್ಲ, ಇನ್ನು ಕೆಲವು ಕಡೆ ಹತ್ತು ವರ್ಷಕ್ಕಿಂತ ಹಳೇ ಗಾಡಿ ಬೇಡ ಅಂತ ರೂಲ್ ಇದೆ. ಇನ್ನೊಂದು ವಿಷ್ಯ, ಪಾರ್ಕ್ ಮಾಡೆಲ್ ಕೂಡ ಕಾಯ್ದೆ ಕಣ್ಣಲ್ಲಿ ಮನೆ ಅಲ್ಲ, ಅದು ಆರ್‌ವಿನೇ, ಕಾಯಂ ವಾಸಕ್ಕಲ್ಲ ಅಂತ ಅದರ ಜೊತೆ ನೋಟಿಸೇ ಇರತ್ತೆ. ವರ್ಷಪೂರ್ತಿ ಅದ್ರಲ್ಲಿ ಇರೋಕೆ ಆ ಕೌಂಟಿ (ನಮ್ಮ ಜಿಲ್ಲಾಡಳಿತದ ಥರ) ಒಪ್ಪತ್ತಾ, ವಾರಂಟಿ ಉಳಿಯತ್ತಾ, ಫುಲ್‌ಟೈಮ್ ವಾಸಕ್ಕೆ ಬೇರೆ ಇನ್ಶೂರೆನ್ಸ್ ಬೇಕಾ ಅಂತ ಲಿಖಿತವಾಗಿ ಕೇಳ್ಕೊಳ್ಳಿ, ಎಷ್ಟೋ ಕಂಪನಿಗಳ ವಾರಂಟಿ ಕಾಯಂ ವಾಸ ಅಂತ ಗೊತ್ತಾದ್ರೆ ನಡೆಯಲ್ಲ.

ಕರೆಂಟ್ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ. ಪಾರ್ಕಿನ ಕಂಬದಲ್ಲಿ 30 ಆಂಪ್, 50 ಆಂಪ್ ಅಂತ ಎರಡು ಥರ ಪಾಯಿಂಟ್ ಇರತ್ತೆ. 30 ಆಂಪ್ ಅಂದ್ರೆ 120 ವೋಲ್ಟಿನ ಒಂದೇ ಲೈನ್, ಒಟ್ಟು 3,600 ವಾಟ್. 50 ಆಂಪ್‌ದು ನಾಲ್ಕು ಪಿನ್ನಿನ ಪ್ಲಗ್, ಅದ್ರಲ್ಲಿ 120 ವೋಲ್ಟಿನ ಎರಡು ಲೈನ್, ಪ್ರತಿಯೊಂದ್ರಲ್ಲೂ 50 ಆಂಪ್, ಒಟ್ಟು 12,000 ವಾಟ್. ಹೆಸರು ಕೇಳಿದ್ರೆ ಒಂದೂವರೆ ಪಟ್ಟಿನ ಸುತ್ತಮುತ್ತ ಅನ್ಸತ್ತೆ, ನಿಜದಲ್ಲಿ ಮೂರು ಪಟ್ಟಿಗಿಂತ ಜಾಸ್ತಿ. 30 ಆಂಪ್‌ನಲ್ಲಿ ಏಸಿ ಓಡ್ತಿರುವಾಗ ಮೈಕ್ರೋವೇವ್, ಗೀಸರ್ ಎರಡೂ ಹಾಕಿದ್ರೆ ಬ್ರೇಕರ್ ಬಿದ್ದೇ ಬೀಳತ್ತೆ. ಅರಿಝೋನಾ ಬೇಸಿಗೆಯಲ್ಲೂ ಅಲ್ಲೇ ಇರ್ತೀವಿ ಅನ್ನೋರು 50 ಆಂಪ್, ಎರಡು ಏಸಿ ಇಲ್ದೆ ಒಪ್ಕೋಬೇಡಿ.

ಡೆಸ್ಟಿನೇಶನ್ ಟ್ರೇಲರ್ ತಗೊಳ್ಳೋರು ಟಾಯ್ಲೆಟ್ ಟ್ಯಾಂಕ್ ಬಗ್ಗೆ ತಿಳ್ಕೊಂಡಿರ್ಬೇಕು. ಹೇಗಿದ್ರೂ ಚರಂಡಿಗೆ ಪೈಪ್ ಹಾಕಿದೆ ಅಂತ ವಾಲ್ವ್ ಸದಾ ತೆಗೆದಿಟ್ರೆ ನೀರೆಲ್ಲ ಹರಿದು ಹೋಗಿ ಗಟ್ಟಿ ಪದಾರ್ಥ ಮಾತ್ರ ಕೆಳಗೆ ಗುಡ್ಡೆ ಕಟ್ಟಿ ಒಣಗಿ ಕೂರತ್ತೆ, ಆಮೇಲೆ ಅದನ್ನ ಕೀಳೋದು ದೊಡ್ಡ ಪಾಡು. ವಾಲ್ವ್ ಮುಚ್ಚಿಟ್ಟು, ಧಾರಾಳ ನೀರು ಬಿಟ್ಟು, ಟ್ಯಾಂಕ್ ತುಂಬ್ತಾ ಬಂದಾಗ ಒಂದೇ ಸಲ ಬಿಡ್ಬೇಕು.

ಗಾಳಿಯಾಡೋದನ್ನೂ ಹಗುರವಾಗಿ ತಗೋಬೇಡಿ. 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ಮನೆ ಕಳ್ಕೊಂಡೋರಿಗೆ ಸರ್ಕಾರ ಟ್ರೇಲರ್ ಕೊಟ್ಟಿತ್ತು, ಎಷ್ಟೋ ಸಂಸಾರಗಳು ತಿಂಗಳುಗಟ್ಟಲೆ ಅದ್ರಲ್ಲೇ ಇದ್ವು, ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ಪರೀಕ್ಷೆ ಮಾಡಿ 2008ರಲ್ಲಿ ಫಲಿತಾಂಶ ಹೇಳ್ದಾಗ ಒಳಗಿನ ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಜಾಸ್ತಿ ಇರೋದು ಗೊತ್ತಾಯ್ತು, ಅಂಟು ಹಾಕಿ ಮಾಡಿದ ಹಲಗೆಗಳಿಂದ ಬರೋ ಅನಿಲ ಅದು. ಆಮೇಲೆ ನಿಯಮ ಬಿಗಿ ಮಾಡಿದಾರೆ ನಿಜ, ಆದ್ರೂ ಹೊಸ ಟ್ರೇಲರ್‌ನಲ್ಲಿ ಮಕ್ಕಳು, ವಯಸ್ಸಾದೋರು ಇರ್ತಾರೆ ಅಂದ್ರೆ ಮೊದಲ ಕೆಲವು ವಾರ ಕಿಟಕಿ ತೆಗೆದಿಟ್ಟು ಚೆನ್ನಾಗಿ ಗಾಳಿ ಆಡಿಸಿ.

ಹಳೇದು ಕೊಳ್ಳೋದಾದ್ರೆ ಮೊದ್ಲು ಏಣಿ ಹಾಕಿ ಸೂರು ನೋಡಿ, ಸ್ಲೈಡ್‌ಔಟ್ ಮೂಲೆಗಳಲ್ಲಿ ನೆಲ ಮೆತ್ತಗಿದೆಯಾ ಅಂತ ಕಾಲಲ್ಲಿ ಒತ್ತಿ ನೋಡಿ, ನೀರು ಇಳಿದ ಟ್ರೇಲರ್ ಎಷ್ಟು ಅಗ್ಗಕ್ಕೆ ಸಿಕ್ರೂ ಬೇಡ. ಪಾರ್ಕಿನಲ್ಲೇ ನಿಂತಿರೋ ಪಾರ್ಕ್ ಮಾಡೆಲ್ ಕೊಳ್ಳೋದಾದ್ರೆ ಅದಿರೋ ಜಾಗದ ಲೀಸ್ ನಿಮ್ಮ ಹೆಸರಿಗೆ ಆಗತ್ತಾ, ಮುಂದೆ ಮಾರುವಾಗ ಅಲ್ಲೇ ಬಿಟ್ಟು ಮಾರೋಕೆ ಪಾರ್ಕಿನವರು ಬಿಡ್ತಾರಾ ಅಂತ ಕೇಳಿ, ಇಲ್ಲಾಂದ್ರೆ ಅದನ್ನ ಎತ್ತಿಸಿ ಸಾಗಿಸೋ ಖರ್ಚೂ ನಿಮ್ಮ ತಲೆ ಮೇಲೇ ಬೀಳತ್ತೆ.