ಕೂಲಿಯ ತಕರಾರಿನಿಂದ ಹುಟ್ಟಿದ ಆಟ: ರಗ್ಬಿ ಲೀಗ್‌ನ ಊರುಗಳು, ಕ್ಲಬ್‌ಗಳು, ಕೋಚ್‌ಗಳು

ರಗ್ಬಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ರಗ್ಬಿ ಯೂನಿಯನ್: ಹದಿನೈದು ಆಟಗಾರರ ಪಂದ್ಯ, ಇಲ್ಲವೇ ಒಲಿಂಪಿಕ್ಸ್‌ನಲ್ಲಿ ಕಾಣುವ ಅದರ ಏಳು ಜನರ ಕಿರುರೂಪ. ಹದಿಮೂರು ಜನರ ರಗ್ಬಿ ಲೀಗ್ ಅದರಿಂದ ಕವಲೊಡೆದ ಪ್ರತ್ಯೇಕ ಆಟ. ಅದಕ್ಕೆ ತನ್ನದೇ ನಿಯಮ, ತನ್ನದೇ ಆಡಳಿತ, ತನ್ನದೇ ಭೂಗೋಳವಿದೆ. ಒಂದು ಪ್ರದೇಶದ ಜನ ತಾವು ಯಾರೆಂದು ಹೇಳಿಕೊಳ್ಳಲು ಒಂದು ಆಟವನ್ನು ಹೇಗೆ ಆಸರೆ ಮಾಡಿಕೊಳ್ಳುತ್ತಾರೆ ಎಂಬುದನ್ನು ಓದುವ ನಮಗೆ ಇಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಅಪರೂಪ. ಈ ಟಿಪ್ಪಣಿಯುದ್ದಕ್ಕೂ ನಾನು ಒಂದೇ ಎಳೆಯನ್ನು ಹಿಡಿದು ಸಾಗುತ್ತೇನೆ: ಈ ಆಟ ಹುಟ್ಟಿದ್ದು ಕೂಲಿಯ ತಕರಾರಿನಿಂದ, ಆ ತಕರಾರಿನ ಗುರುತು ಅದರ ಊರುಗಳಲ್ಲಿ, ಕ್ಲಬ್‌ಗಳಲ್ಲಿ, ಕೋಚ್‌ಗಳ ಕೆಲಸದಲ್ಲಿ ಇಂದಿಗೂ ಉಳಿದಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಮತ್ತು ಲ್ಯಾಂಕಾಷೈರ್ ಪ್ರಾಂತ್ಯಗಳ ಜವಳಿ ಗಿರಣಿ, ಕಲ್ಲಿದ್ದಲು ಗಣಿ, ಬಂದರುಗಳ ಕಾರ್ಮಿಕರು ರಗ್ಬಿಯನ್ನು ತಮ್ಮ ಆಟವಾಗಿ ಮಾಡಿಕೊಂಡಿದ್ದರು. ಶನಿವಾರ ಬೆಳಗ್ಗೆ ಕೆಲಸವಿರುತ್ತಿತ್ತು. ಬೇರೆ ಊರಿನಲ್ಲಿ ಪಂದ್ಯವಿದ್ದರೆ ಆ ಹೊತ್ತಿನ ಕೂಲಿ ಕೈತಪ್ಪುತ್ತಿತ್ತು. ಮೈದಾನದ ಬಾಗಿಲಲ್ಲಿ ಪ್ರೇಕ್ಷಕರಿಂದ ಕ್ಲಬ್‌ಗೆ ಹಣ ಬರುತ್ತಿರುವಾಗ, ಆಡಿದವನು ಕೂಲಿ ಕಳೆದುಕೊಂಡು ಮನೆಗೆ ಹೋಗುವುದು ನ್ಯಾಯವೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಕಳೆದುಹೋದ ಆ ಕೂಲಿಯನ್ನು ಕ್ಲಬ್ ತುಂಬಿಕೊಡುವ ಪದ್ಧತಿಯನ್ನೇ ‘ಬ್ರೋಕನ್ ಟೈಮ್’ ಪಾವತಿ ಎನ್ನುತ್ತಾರೆ. 1893ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ನಡೆದ, ಆಟದ ಆಡಳಿತ ಸಂಸ್ಥೆಯಾದ ರಗ್ಬಿ ಫುಟ್‌ಬಾಲ್ ಯೂನಿಯನ್ನಿನ ಸಭೆಯು ಈ ಬೇಡಿಕೆಯನ್ನು 136ಕ್ಕೆ 282 ಮತಗಳಿಂದ ತಳ್ಳಿಹಾಕಿತು. ಸಿರಿವಂತರ ಶಾಲೆಗಳಲ್ಲಿ ಓದಿ ಬಂದ ದಕ್ಷಿಣದ ಆಡಳಿತಗಾರರಿಗೆ ಹಣ ಪಡೆಯದೆ ಆಡುವುದು ಗೌರವದ ವಿಷಯವಾಗಿತ್ತು. ಗಣಿಯ ಕಾರ್ಮಿಕನಿಗೆ ಆ ಗೌರವದ ಬೆಲೆ ಮನೆಯ ಊಟದಿಂದಲೇ ಕಡಿತವಾಗುತ್ತಿತ್ತು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್‌ಗಳು ಯೂನಿಯನ್ ಬಿಟ್ಟು ಹೊರಬಂದು ‘ನಾರ್ದರ್ನ್ ಯೂನಿಯನ್’ ಕಟ್ಟಿದವು. ಮೊದಲ ಋತುವಿನಲ್ಲಿ 22 ಕ್ಲಬ್‌ಗಳು ಆಡಿದವು. ದಿನಕ್ಕೆ ಆರು ಶಿಲಿಂಗ್ ಮೀರದಂತೆ ಕೂಲಿ ತುಂಬಿಕೊಡಲು ಅವು ಒಪ್ಪಿದ್ದವು. ರಗ್ಬಿ ಲೀಗ್ ಎಂಬ ಹೆಸರು ಅಲ್ಲಿ ಅಧಿಕೃತವಾದದ್ದು 1922ರಲ್ಲಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 1898ರಲ್ಲಿ ಆಟಗಾರರಿಗೆ ಬಹಿರಂಗವಾಗಿ ಸಂಬಳ ಕೊಡಲು ಅವಕಾಶವಾದಾಗಲೂ, ಆಟಗಾರನಿಗೆ ಒಂದು ಸರಿಯಾದ ಉದ್ಯೋಗ ಇರಲೇಬೇಕು, ಹೆಂಡದಂಗಡಿಯ ಮಾಣಿಯಂಥ ಕೆಲಸಗಳು ಲೆಕ್ಕಕ್ಕಿಲ್ಲ ಎಂಬ ಷರತ್ತನ್ನು ವಿಧಿಸಲಾಗಿತ್ತು. ಹೀಗಾಗಿ ಶನಿವಾರ ಮೈದಾನದಲ್ಲಿ ಕಂಡವನೇ ಸೋಮವಾರ ಪಕ್ಕದಲ್ಲಿ ನಿಂತು ದುಡಿಯುತ್ತಿದ್ದ. ಆಟಗಾರನಿಗೂ ಊರಿಗೂ ನಡುವಿನ ಅಂತರ ಬಹಳ ಕಡಿಮೆಯಿದ್ದದ್ದಕ್ಕೆ ಇದೇ ಮೂಲ ಕಾರಣ ಎಂದು ನನಗನ್ನಿಸುತ್ತದೆ.

ನಿಯಮಗಳೂ ಇದೇ ದಿಕ್ಕಿನಲ್ಲಿ ಬದಲಾದವು. ಬಾಗಿಲಿನ ಹಣವೇ ಆಧಾರವಾದ ಮೇಲೆ ನೋಡುವವರಿಗೆ ಆಟ ಬೇಸರ ತರಬಾರದಷ್ಟೆ: 1897ರಲ್ಲಿ ಲೈನ್‌ಔಟ್ (ಗೆರೆಯಾಚೆ ಹೋದ ಚೆಂಡನ್ನು ಒಳಗೆಸೆದಾಗ ಎರಡೂ ತಂಡದವರು ಸಾಲಾಗಿ ನಿಂತು ಅದಕ್ಕಾಗಿ ಸೆಣಸುವ ಕ್ರಮ) ಹೋಯಿತು, 1906ರಲ್ಲಿ ತಂಡ ಹದಿಮೂರಕ್ಕೆ ಇಳಿಯಿತು. ಅದೇ ವರ್ಷ ಬಂದ ‘ಪ್ಲೇ ದ ಬಾಲ್’ ಎಂಬ ನಿಯಮವನ್ನು ಕಣ್ಣಿಗೆ ಕಟ್ಟಿಕೊಂಡರೆ ಇಡೀ ಆಟ ಅರ್ಥವಾಗುತ್ತದೆ. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಕೆಡವುತ್ತಾರೆ. ಅವನ ಮೇಲೆ ಯಾರೂ ರಾಶಿ ಬೀಳುವಂತಿಲ್ಲ. ಹಿಡಿದವರು ಬಿಟ್ಟ ಕೂಡಲೇ ಅವನು ಎದ್ದು ನಿಂತು, ಚೆಂಡನ್ನು ಪಾದದ ಬಳಿ ಇಟ್ಟು, ಹಿಮ್ಮಡಿಯಿಂದ ಹಿಂದಕ್ಕೆ ಉರುಳಿಸುತ್ತಾನೆ. ಹಿಂದೆ ನಿಂತವನು ಅದನ್ನೆತ್ತಿ ಆಟ ಮುಂದುವರಿಸುತ್ತಾನೆ. ಈಗ ಒಂದು ತಂಡಕ್ಕೆ ಇಂಥ ಆರು ಅವಕಾಶಗಳಿವೆ. ಆರನೆಯ ಸಲ ಕೆಡವಿದಾಗ ಚೆಂಡು ಎದುರಾಳಿಯ ಪಾಲಾಗುತ್ತದೆ. ಬೀಳುವುದು, ಏಳುವುದು, ಮತ್ತೆ ಎದೆಗೊಟ್ಟು ಓಡುವುದು: ದುಡಿಮೆಯ ಊರುಗಳ ಜನ ಈ ಚಿತ್ರದಲ್ಲಿ ತಮ್ಮನ್ನೇ ಕಂಡದ್ದು ಆಶ್ಚರ್ಯವಲ್ಲ.

ಈಗ ಒಂದೇ ಊರನ್ನು ಹತ್ತಿರದಿಂದ ನೋಡೋಣ. ವೆಸ್ಟ್ ಯಾರ್ಕ್‌ಷೈರಿನ ಫೆದರ್‌ಸ್ಟೋನ್ ಕಲ್ಲಿದ್ದಲಿನ ಮೇಲೆ ಬೆಳೆದ ಸಣ್ಣ ಪಟ್ಟಣ. ಲಂಡನ್ನಿನಲ್ಲಿ ಆ ಮತದಾನ ನಡೆಯಲು ಎರಡು ವಾರಗಳೂ ಉಳಿದಿರದಿದ್ದಾಗ, 1893ರ ಸೆಪ್ಟೆಂಬರ್ 7ರಂದು, ಗಣಿ ಮಾಲೀಕರು ಕೂಲಿ ಕಡಿತಕ್ಕಾಗಿ ಗಣಿಗಳಿಗೆ ಬೀಗ ಹಾಕಿದ್ದ ಸಂದರ್ಭದಲ್ಲಿ, ಇದೇ ಊರಿನ ಆಕ್ಟನ್ ಹಾಲ್ ಗಣಿಯ ಬಳಿ ಸೇರಿದ್ದ ಗುಂಪಿನ ಮೇಲೆ ಸೈನಿಕರು ಗುಂಡು ಹಾರಿಸಿದರು, ಇಬ್ಬರು ಸತ್ತರು. ಎರಡು ಘಟನೆಗಳಿಗೆ ನೇರ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ರಗ್ಬಿಯ ಒಡಕನ್ನು ಕೇವಲ ಕ್ರೀಡಾಡಳಿತದ ಜಗಳವೆಂದು ಓದುವವರು ಈ ಎರಡು ತಾರೀಖುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. 1902ರಲ್ಲಿ ಆರಂಭವಾದ ಫೆದರ್‌ಸ್ಟೋನ್ ರೋವರ್ಸ್ ಕ್ಲಬ್ ತನಗಿಂತ ಎಷ್ಟೋ ದೊಡ್ಡ ಊರುಗಳ ತಂಡಗಳನ್ನು ಸೋಲಿಸಿ 1967, 1973 ಮತ್ತು 1983ರಲ್ಲಿ, ಸೋತವರು ಹೊರಬೀಳುವ ಪಂದ್ಯಾವಳಿಯಾದ ಚಾಲೆಂಜ್ ಕಪ್ ಗೆದ್ದಿತು. ಒಳ್ಳೆಯ ಫಾರ್ವರ್ಡ್ (ಮುಂಚೂಣಿಯ ಗಟ್ಟಿಮುಟ್ಟಾದ ಆಟಗಾರ) ಬೇಕಾದರೆ ಗಣಿಯ ಬಾಯಲ್ಲಿ ನಿಂತು ಸಿಳ್ಳೆ ಹೊಡೆದರೆ ಸಾಕು ಎಂಬ ಮಾತು ಆ ಕಡೆ ಚಾಲ್ತಿಯಲ್ಲಿತ್ತು. 1983ರ ಫೈನಲ್‌ನಲ್ಲಿ ಎದುರಿಗಿದ್ದದ್ದು ಆ ವರ್ಷದ ಲೀಗ್ ಚಾಂಪಿಯನ್ ಹಲ್. ಸ್ಟೀವ್ ಕ್ವಿನ್ ಕೊನೆಯ ನಿಮಿಷಗಳಲ್ಲಿ ಹೊಡೆದ ಪೆನಾಲ್ಟಿಯಿಂದ ಫೆದರ್‌ಸ್ಟೋನ್ 14–12ರಲ್ಲಿ ಗೆದ್ದಿತು. ಎರಡು ವರ್ಷಗಳ ನಂತರ, ಗಣಿ ಕಾರ್ಮಿಕರ ದೀರ್ಘ ಮುಷ್ಕರ ಸೋತ ಮೇಲೆ, 1985ರಲ್ಲಿ ಆಕ್ಟನ್ ಹಾಲ್ ಗಣಿಯನ್ನು ಮುಚ್ಚಲಾಯಿತು.

ಗಣಿ ಹೋದ ಊರಿನಲ್ಲಿ ಉಳಿದದ್ದು ಕ್ಲಬ್. 1995ರಲ್ಲಿ ರೂಪರ್ಟ್ ಮರ್ಡಾಕ್ ಅವರ ನ್ಯೂಸ್ ಕಾರ್ಪೊರೇಷನ್ನಿನ ಹಣದಿಂದ ‘ಸೂಪರ್ ಲೀಗ್’ ಕಟ್ಟುವ ಯೋಜನೆ ಬಂದಾಗ, ಫೆದರ್‌ಸ್ಟೋನ್, ಕ್ಯಾಸಲ್‌ಫರ್ಡ್, ವೇಕ್‌ಫೀಲ್ಡ್ ಕ್ಲಬ್‌ಗಳನ್ನು ಬೆಸೆದು ‘ಕಾಲ್ಡರ್’ ಎಂಬ ಒಂದೇ ತಂಡ ಮಾಡುವ ಪ್ರಸ್ತಾಪವೂ ಅದರೊಳಗಿತ್ತು. ನಕ್ಷೆಯ ಮೇಲೆ ಇದು ಸರಿಯೆನಿಸುತ್ತದೆ, ಏಕೆಂದರೆ ಮೂರೂ ಊರುಗಳು ಕೆಲವೇ ಮೈಲಿಗಳ ಅಂತರದಲ್ಲಿವೆ. ಆದರೆ ನೆರೆಯೂರನ್ನು ಸೋಲಿಸುವುದರಲ್ಲೇ ತಮ್ಮ ಊರಿನ ಹೆಸರನ್ನು ಕಂಡುಕೊಂಡಿದ್ದ ಜನರಿಗೆ ನದಿಯೊಂದರ ಹೆಸರಿನ ತಂಡ ಯಾರದೂ ಅಲ್ಲದ ತಂಡವಾಗಿ ಕಂಡಿತು. ಬೆಂಬಲಿಗರು ಬೀದಿಗಿಳಿದು ವಿರೋಧಿಸಿದರು, ವಿಲೀನಗಳನ್ನು ಕೈಬಿಡಲಾಯಿತು. ಸೂಪರ್ ಲೀಗ್ 1996ರಲ್ಲಿ ಆರಂಭವಾಯಿತು. ಫೆದರ್‌ಸ್ಟೋನ್‌ಗೆ ಅದರಲ್ಲಿ ಜಾಗ ಸಿಗಲಿಲ್ಲ. ದೊಡ್ಡ ಲೀಗಿನ ಹಣವನ್ನು ಬಿಟ್ಟರೂ ಹೆಸರನ್ನು ಬಿಡಲಾರೆವು ಎಂಬ ಈ ನಿಲುವನ್ನು ಭಾವುಕತೆಯೆಂದು ಪಕ್ಕಕ್ಕೆ ಸರಿಸುವುದು ದೊಡ್ಡ ತಪ್ಪು.

ಹಲ್ ನಗರದ ಕಥೆ ಇನ್ನೊಂದು ಬಗೆಯದು. ಅಲ್ಲಿ ಊರೊಳಗೇ ಗಡಿಯಿದೆ: ನದಿಯ ಪಶ್ಚಿಮಕ್ಕೆ ಕಪ್ಪು-ಬಿಳುಪಿನ ಹಲ್ ಎಫ್‌ಸಿ, ಪೂರ್ವಕ್ಕೆ ಕೆಂಪು-ಬಿಳುಪಿನ ಹಲ್ ಕಿಂಗ್‌ಸ್ಟನ್ ರೋವರ್ಸ್. 1980ರಲ್ಲಿ ಇವೆರಡೂ ಚಾಲೆಂಜ್ ಕಪ್ ಫೈನಲ್‌ಗೆ ಬಂದಾಗ, ಫೈನಲ್ ನಡೆಯುವ ಲಂಡನ್ನಿನ ವೆಂಬ್ಲಿ ಮೈದಾನಕ್ಕೆ ಹೊರಟ ಜನರಿಗಾಗಿ ಊರ ಹೊರಗಿನ ರಸ್ತೆಯಲ್ಲಿ, ಕೊನೆಗೆ ಹೊರಡುವವರು ದೀಪ ಆರಿಸಿ ಹೋಗಿ ಎಂಬ ಅರ್ಥದ ಫಲಕ ಹಾಕಿದ್ದರು. ರೋವರ್ಸ್ 10–5ರಲ್ಲಿ ಗೆದ್ದಿತು.

ಕೋಚ್‌ಗಳ ಪಾತ್ರವನ್ನು ಹಲ್‌ನಿಂದಲೇ ಆರಂಭಿಸುವುದು ಸೂಕ್ತ. 1950ರ ದಶಕದಲ್ಲಿ ಹಲ್ ಎಫ್‌ಸಿಯನ್ನು ರೂಪಿಸಿದ ರಾಯ್ ಫ್ರಾನ್ಸಿಸ್ ವೇಲ್ಸ್‌ನ ಬ್ರಿನ್‌ಮಾರ್‌ನಲ್ಲಿ ಬೆಳೆದವರು, ಬ್ರಿಟನ್ನಿನ ವೃತ್ತಿಪರ ಕ್ರೀಡೆಯಲ್ಲಿ ಮೊದಲ ಕಪ್ಪು ಕೋಚ್. ಕೋಚ್ ಎಂದರೆ ಮೈಕಸರತ್ತು ಮಾಡಿಸುವವನು ಎಂದೇ ಹೆಚ್ಚಾಗಿ ತಿಳಿಯುತ್ತಿದ್ದ ಕಾಲದಲ್ಲಿ ಅವರು ಆಟಗಾರನ ಮನಸ್ಸನ್ನೂ ಮನೆಯನ್ನೂ ತಮ್ಮ ಕೆಲಸದೊಳಗೆ ತಂದುಕೊಂಡರು. ಪಂದ್ಯಕ್ಕೆ ಬರಲು ಆಟಗಾರರ ಕುಟುಂಬದವರಿಗೆ ವಾಹನದ ವ್ಯವಸ್ಥೆ ಮಾಡಿಸಿದರು. ಹಲ್ 1956 ಮತ್ತು 1958ರಲ್ಲಿ ಚಾಂಪಿಯನ್ ಆಯಿತು. 1968ರಲ್ಲಿ ಅವರ ಲೀಡ್ಸ್ ತಂಡ ನೀರು ನಿಂತ ವೆಂಬ್ಲಿ ಮೈದಾನದಲ್ಲಿ ಚಾಲೆಂಜ್ ಕಪ್ ಗೆದ್ದಿತು. ವೇಲ್ಸ್‌ನ ಯೂನಿಯನ್ ತಂಡದಲ್ಲಿ ಕಪ್ಪು ಆಟಗಾರರಿಗೆ ಜಾಗವೇ ಇಲ್ಲದಿದ್ದಾಗ ಹಲವರು ಉತ್ತರದ ಈ ಊರುಗಳಿಗೆ ಬಂದರು. ಕಾರ್ಡಿಫ್‌ನ ಕ್ಲೈವ್ ಸಲಿವನ್ ಹಲ್‌ನ ಎರಡೂ ಕ್ಲಬ್‌ಗಳಿಗೆ ಆಡಿದರು, 1972ರ ವಿಶ್ವಕಪ್ ಗೆದ್ದ ಗ್ರೇಟ್ ಬ್ರಿಟನ್ ತಂಡದ ನಾಯಕರಾಗಿದ್ದರು. ಇಂದು ಪಶ್ಚಿಮದಿಂದ ಹಲ್ ಪ್ರವೇಶಿಸುವ ಹೆದ್ದಾರಿಗೆ ಅವರದೇ ಹೆಸರು. ಆದರೂ ಲೀಗ್‌ನಲ್ಲಿ ವರ್ಣಭೇದವೇ ಇರಲಿಲ್ಲವೆಂದು ಯಾರೂ ಬರೆಯಬಾರದು: 1946ರ ಆಸ್ಟ್ರೇಲಿಯಾ ಪ್ರವಾಸದಿಂದ ಫ್ರಾನ್ಸಿಸ್ ಅವರನ್ನು ಕೈಬಿಟ್ಟದ್ದಕ್ಕೆ ಅವರ ಮೈಬಣ್ಣವೇ ಕಾರಣವೆಂಬುದು ವ್ಯಾಪಕ ಅಭಿಪ್ರಾಯ.

ಆಸ್ಟ್ರೇಲಿಯಾದಲ್ಲಿ ಕೂಲಿಯ ಪ್ರಶ್ನೆ ಇನ್ನೊಂದು ರೂಪ ತಾಳಿತು. ಜೂಜುಯಂತ್ರಗಳ ಆದಾಯದಿಂದ ಸಿರಿವಂತವಾಗಿದ್ದ ಸಿಡ್ನಿಯ ಕ್ಲಬ್‌ಗಳು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತಮ ಆಟಗಾರರನ್ನು ಹೆಚ್ಚಿನ ಸಂಬಳ ಕೊಟ್ಟು ಸೆಳೆದುಕೊಂಡವು. ಆಗಿನ ನಿಯಮದಂತೆ ಆ ಆಟಗಾರರು ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಪರವಾಗಿ ತಮ್ಮ ತವರಿನ ವಿರುದ್ಧವೇ ಆಡಬೇಕಾಗುತ್ತಿತ್ತು. ಆರ್ಥರ್ ಬೀಟ್ಸನ್ ಅಂಥವರಲ್ಲಿ ಒಬ್ಬರು. ಕ್ವೀನ್ಸ್‌ಲ್ಯಾಂಡಿನ ರೋಮಾ ಎಂಬ ಊರಿನವರಾದ ಅವರು ಸಿಡ್ನಿಯ ಈಸ್ಟರ್ನ್ ಸಬರ್ಬ್ಸ್ ತಂಡದ ನಾಯಕರಾಗಿ 1974 ಮತ್ತು 1975ರಲ್ಲಿ ಪ್ರಶಸ್ತಿ ಗೆದ್ದರು. ಆ ತಂಡದ ಕೋಚ್ ಜ್ಯಾಕ್ ಗಿಬ್ಸನ್. ಪ್ರತಿ ಆಟಗಾರ ಎದುರಾಳಿಗಳನ್ನು ಎಷ್ಟು ಸಲ ಹಿಡಿದು ಕೆಡವಿದ (ಟ್ಯಾಕಲ್) ಎಂಬುದನ್ನು ಎಣಿಸಿಡುವ, ಅಮೆರಿಕನ್ ಫುಟ್‌ಬಾಲಿನಿಂದ ಕಲಿತ ಶಿಸ್ತನ್ನು ತಂದವರು ಅವರು. ಆಟಗಾರ ಯಾವ ರಾಜ್ಯದಲ್ಲಿ ಆಟ ಕಲಿತನೋ ಆ ರಾಜ್ಯಕ್ಕೇ ಆಡಬೇಕೆಂಬ ‘ಸ್ಟೇಟ್ ಆಫ್ ಒರಿಜಿನ್’ ಕ್ರಮದ ಮೊದಲ ಪಂದ್ಯ 1980ರ ಜುಲೈ 8ರಂದು ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್‌ನಲ್ಲಿ ನಡೆಯಿತು. ಮೂವತ್ತೈದು ವರ್ಷದ ಬೀಟ್ಸನ್ ಆಗ ಸಿಡ್ನಿಯ ಪ್ಯಾರಮಟಾ ಕ್ಲಬ್‌ನ ಮೀಸಲು ತಂಡದಲ್ಲಿ ಆಡುತ್ತಿದ್ದರು. ಆ ರಾತ್ರಿ ಅವರು ಮೊತ್ತಮೊದಲ ಬಾರಿಗೆ ಕ್ವೀನ್ಸ್‌ಲ್ಯಾಂಡಿನ ಕಡುಗೆಂಪು ಅಂಗಿ ತೊಟ್ಟು, ನಾಯಕರಾಗಿ ತಂಡವನ್ನು ಮೈದಾನಕ್ಕೆ ಕರೆತಂದರು. ಕ್ವೀನ್ಸ್‌ಲ್ಯಾಂಡ್ 20–10ರಲ್ಲಿ ಗೆದ್ದಿತು. ಅದೇ ಮೈದಾನದ ಹೊರಗೆ ಈಗ ಅವರ ಪ್ರತಿಮೆಯಿದೆ.