ಡಬ್ಬ ಸಿಕ್ಕರೆ ಸಿನಿಮಾ ಸಿಕ್ಕಂತಲ್ಲ

ಹಳೇ ರೀಲಿನ ಡಬ್ಬ ತೆರೆದಾಗ ನಾನು ಮೊದಲು ಮೂಸುತ್ತೇನೆ, ಆಮೇಲೆ ನೋಡುತ್ತೇನೆ. ವಿನಿಗರ್ ವಾಸನೆ ಬಂದರೆ ಅದು ಅಸಿಟೇಟ್ ಫಿಲ್ಮು. ಮೂಕಿ ಕಾಲದ್ದು ಹೆಚ್ಚಾಗಿ ನೈಟ್ರೇಟ್, ಬೇಗ ಹೊತ್ತಿಕೊಳ್ಳುವ ಹಳೇ ಬಗೆಯ ಫಿಲ್ಮು. ಅದು ಕೆಡತೊಡಗಿದರೆ ಮೊದಲು ಚಿತ್ರ ಮಂಕಾಗುತ್ತದೆ. ಆಮೇಲೆ ಸುರುಳಿ ಬೆಲ್ಲದ ಪಾಕದ ಹಾಗೆ ಅಂಟಿಕೊಳ್ಳುತ್ತದೆ. ಕೊನೆಗೆ ಉಳಿಯುವುದು ಕಂದು ಪುಡಿ. ಬೆಂಕಿ ಹತ್ತಿದರಂತೂ ನೀರಲ್ಲಿ ಮುಳುಗಿಸಿದರೂ ಉರಿಯುತ್ತಲೇ ಇರುತ್ತದೆ, ಅದಕ್ಕೆ ಬೇಕಾದ ಆಮ್ಲಜನಕ ಅದರೊಳಗೇ ಇದೆ.

ಹಾಗಾಗಿ ಸಿನಿಮಾ ಕಳೆದುಹೋಯಿತು ಅಂದ ತಕ್ಷಣ ‘ಸುಟ್ಟುಹೋಯ್ತಾ?’ ಅಂತ ಕೇಳುತ್ತಾರೆ. ಕತ್ತರಿಯನ್ನು ಯಾರೂ ನೆನೆಯುವುದಿಲ್ಲ.

1914ರ ಜನವರಿಯಲ್ಲಿ ಮೆಕ್ಸಿಕೋ ಕ್ರಾಂತಿಯ ನಾಯಕ ಪಾಂಚೋ ವಿಯಾ (ನಮ್ಮಲ್ಲಿ ವಿಲ್ಲಾ ಅಂತ ಓದುವವರೇ ಜಾಸ್ತಿ) ಅಮೆರಿಕದ ಮ್ಯೂಚುಯಲ್ ಫಿಲ್ಮ್ ಕಂಪನಿಯ ಜೊತೆ ಕರಾರು ಮಾಡಿಕೊಂಡ. ಕಂಪನಿಯವರು ಅವನ ಯುದ್ಧಗಳನ್ನು ಶೂಟ್ ಮಾಡಬಹುದು, ಅವನಿಗೆ ಗಳಿಕೆಯಲ್ಲಿ ಪಾಲು. ಕ್ಯಾಮೆರಾಕ್ಕೆ ಬೆಳಕು ಬೇಕು, ಹಗಲಲ್ಲೇ ಯುದ್ಧ ಮಾಡಬೇಕು ಅಂತ ಷರತ್ತು ಇತ್ತಂತೆ. ಸೊಗಸಾದ ಕಥೆ, ಆದರೆ ನಿಜವಲ್ಲ. ಇತಿಹಾಸಕಾರ ಫ್ರೀಡ್ರಿಕ್ ಕಾಟ್ಸ್ ಆ ಕರಾರುಪತ್ರವನ್ನೇ ಹುಡುಕಿ ಓದಿದರು. ಅಂಥ ಷರತ್ತು ಅದರಲ್ಲಿಲ್ಲ.

ಆ ಕರಾರಿನಿಂದ ಹುಟ್ಟಿದ್ದು ‘ದಿ ಲೈಫ್ ಆಫ್ ಜನರಲ್ ವಿಯಾ’. ನಿಜವಾದ ಯುದ್ಧದ ದೃಶ್ಯ ಒಂದಷ್ಟು, ಕಟ್ಟಿದ ಕಥೆ ಒಂದಷ್ಟು. ವಿಯಾ ತಾನೇ ಕಾಣಿಸಿಕೊಂಡ. ಹರೆಯದ ವಿಯಾ ಆಗಿದ್ದವರು ಮುಂದೆ ದೊಡ್ಡ ನಿರ್ದೇಶಕರಾದ ರೌಲ್ ವಾಲ್ಶ್. 1914ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡಿತು. ಈಗ ಆ ಸಿನಿಮಾ ಇಡಿಯಾಗಿ ಎಲ್ಲೂ ಇಲ್ಲ.

1916ರ ಮಾರ್ಚ್ 9ರಂದು ವಿಯಾನ ಪಡೆ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಕೊಲಂಬಸ್ ಊರಿನ ಮೇಲೆ ದಾಳಿ ಮಾಡಿತು. ನಿನ್ನೆಯ ಹೀರೋ ಅಮೆರಿಕದ ತೆರೆಯ ಮೇಲೆ ಡಕಾಯಿತನಾದ. ಮೂಕಿಯಲ್ಲಿ ಇದು ಸುಲಭ, ಅಲ್ವಾ? ಅದೇ ಕುದುರೆ, ಅದೇ ಗುಂಡಿನ ಹೊಗೆ. ದೃಶ್ಯಗಳ ನಡುವೆ ಮಾತು, ಕಥೆ ಹೇಳುವ ಅಕ್ಷರದ ಹಲಗೆ ಬದಲಿಸಿದರೆ ಸಾಕು.

ಅಮೆರಿಕ-ಮೆಕ್ಸಿಕೋ ಗಡಿಯ ಪಡಿಯಾ ಕುಟುಂಬ ಇದನ್ನೇ ತಿರುಗಿಸಿ ಮಾಡಿತು. ಫೆಲಿಕ್ಸ್ ಮತ್ತು ಮಗ ಎಡ್ಮುಂಡೋ ಊರೂರು ಸುತ್ತಿ ಸಿನಿಮಾ ತೋರಿಸುತ್ತಿದ್ದವರು. 1930ರ ದಶಕದಲ್ಲಿ ಕೈಗೆ ಸಿಕ್ಕ ಹಳೇ ರೀಲುಗಳನ್ನು ಕತ್ತರಿಸಿ, ಅಂಟಿಸಿ, ತಮ್ಮದೇ ಅಕ್ಷರ ಸೇರಿಸಿ ‘ಪಾಂಚೋ ವಿಯಾನ ಸೇಡು’ ಅಂತ ಒಂದು ಸಿನಿಮಾ ಮಾಡಿದರು. ಅದರಲ್ಲಿ ವಿಯಾ ಮತ್ತೆ ಹೀರೋ. ಮೆಕ್ಸಿಕೋದ ಸಿನಿಮಾ ನಿರ್ದೇಶಕ ಗ್ರೆಗೋರಿಯೊ ರೋಚಾ ಕಳೆದುಹೋದ 1914ರ ಚಿತ್ರವನ್ನು ದೇಶ ದೇಶಗಳ ಸಂಗ್ರಹಾಲಯಗಳಲ್ಲಿ ಹುಡುಕುತ್ತಾ ಬಂದು ತಲುಪಿದ್ದು ಟೆಕ್ಸಾಸ್‌ನ ಗಡಿ ಊರು ಎಲ್ ಪಾಸೊದಲ್ಲಿದ್ದ ಪಡಿಯಾಗಳ ಡಬ್ಬಗಳಿಗೆ. ಆ ಸಿನಿಮಾದ ತುಣುಕುಗಳೂ ಅದರೊಳಗಿದ್ದವು.

ಇಂಥ ರೀಲಿನಲ್ಲಿ ಯಾವ ತುಂಡು ಯಾವುದರದ್ದು? ನಾನು ಫಿಲ್ಮಿನ ಅಂಚು ನೋಡುತ್ತೇನೆ. ಫಿಲ್ಮು ತಯಾರಿಸುವ ಕೊಡಕ್ ಕಂಪನಿ 1916ರಿಂದ ಅಲ್ಲಿ ವೃತ್ತ, ಚೌಕ, ತ್ರಿಕೋನ ಅಂತ ವರ್ಷದ ಗುರುತು ಹಾಕತೊಡಗಿತು. ಆದರೆ ಅದು ಫಿಲ್ಮು ತಯಾರಾದ ವರ್ಷ, ಶೂಟಿಂಗ್ ಆದ ವರ್ಷವಲ್ಲ. ಹಳೇ ದೃಶ್ಯವನ್ನು ಹೊಸ ಫಿಲ್ಮಿಗೆ ಇಳಿಸಿರಬಹುದು. ಈ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ.

ತುಣುಕುಗಳನ್ನು ಬಿಡಿಸಿ 1914ರ ಸಿನಿಮಾವನ್ನು ಮತ್ತೆ ಕಟ್ಟಬಹುದಲ್ಲ ಅಂತ ಕಿರಿಯರು ಕೇಳುತ್ತಾರೆ. ಅಜ್ಜಿಯ ಹಳೇ ಸೀರೆ ಬೇಕು ಅಂತ ಕೌದಿ ಬಿಚ್ಚುತ್ತೀರಾ? ಪಡಿಯಾಗಳ ಅಂಟೂ ಈಗ ಇತಿಹಾಸ. ನಾನಾದರೆ ಒಂದೊಂದು ಜೋಡಣೆಯ ಫೋಟೊ ತೆಗೆದು, ರೀಲನ್ನು ಇದ್ದ ಹಾಗೇ ಸ್ಕ್ಯಾನ್ ಮಾಡಿ, ಮೂಲವನ್ನು ತಣ್ಣನೆಯ ಕೋಣೆಯಲ್ಲಿ ಇಡುತ್ತೇನೆ. ಕತ್ತರಿಸುವ ಆಟವೆಲ್ಲ ಕಂಪ್ಯೂಟರಿನಲ್ಲಿ.